ಹಳೇ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಿದ್ದು

ಶಿರಸಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು ಎಲ್ಲವೂ 2016ರಲ್ಲಿ ತಗೊಂಡ ಒಂದೇ ಲ್ಯಾಪ್‌ಟಾಪಿನಲ್ಲಿ ಆಗಬೇಕು. ಪ್ರೊಸೆಸರ್ ಐ5-6200ಯು, ಅಂದರೆ ಇಂಟೆಲ್‌ನ 6ನೇ ತಲೆಮಾರು. ವಿಂಡೋಸ್ 11 ಕೇಳೋದು 8ನೆಯದು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಭಾಗ. ಇತ್ತ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿಯಿತು. ಕೊಳೆರೋಗ ಬಂದು ಅಡಿಕೆ ಅರ್ಧ ನೆಲಕ್ಕೆ ಬಿದ್ದ ವರ್ಷ ಹೊಸ ಲ್ಯಾಪ್‌ಟಾಪ್ ಎಲ್ಲಿಂದ ತರೋದು?

ಮೊದಲು ಮೈ ನೋಡಿ, ಆಮೇಲೆ ಸಾಫ್ಟ್‌ವೇರ್. ಚಾರ್ಜರ್ ಕಿತ್ತು, ಹಿಂದಿನ ಮುಚ್ಚಳ ಬಿಚ್ಚಿ, ಬ್ಯಾಟರಿಯ ವೈರ್ ತೆಗೆದೆ. ಫ್ಯಾನಿನ ಬಾಯಲ್ಲಿ ಕಂಬಳಿಯಂಥ ಧೂಳು. ರ‍್ಯಾಮಿನ ಪಕ್ಕ ಇರುವೆ ಮೊಟ್ಟೆ! ಮಳೆಗಾಲದಲ್ಲಿ ಬಟ್ಟೆಯೇ ಒಣಗದ ಊರು, ಲ್ಯಾಪ್‌ಟಾಪ್ ಏನು ಮಾಡೀತು ಪಾಪ. ಬಾಯಲ್ಲಿ ಊದಬೇಡಿ, ಎಂಜಲಿನ ಪಸೆ ಒಳಗೆ ಹೋಗುತ್ತದೆ. ಒಣ ಬ್ರಶ್ ಸಾಕು. ರ‍್ಯಾಮಿನ ಹಳದಿ ಅಂಚನ್ನು ಮಗಳ ರಬ್ಬರಿನಿಂದ ಮೆತ್ತಗೆ ಉಜ್ಜಿದೆ. 4 ಜಿಬಿ ಇದ್ದದ್ದನ್ನು 8 ಮಾಡಿ, ಹಾರ್ಡ್‌ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್) ಹಾಕಿದೆ. ನಿಜ ಹೇಳಬೇಕೆಂದರೆ ವೇಗ ಬಂದದ್ದು ಇದರಿಂದಲೇ.

ಇನ್ನು ಪೆನ್‌ಡ್ರೈವ್. ಕನಿಷ್ಠ 8 ಜಿಬಿಯದ್ದು ಬೇಕು, ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಮೈಕ್ರೋಸಾಫ್ಟ್ ತಾಣದಿಂದಲೇ ಐಎಸ್‌ಒ, ಅಂದರೆ ವಿಂಡೋಸ್ 11ರ ಪೂರ್ತಿ ಫೈಲ್, ಇಳಿಸಿಕೊಳ್ಳಿ. ಅದನ್ನು ಪೆನ್‌ಡ್ರೈವಿಗೆ ಬರೆಯುವ ರೂಫಸ್ ಅನ್ನುವ ಉಚಿತ ಸಾಫ್ಟ್‌ವೇರ್ ತೆರೆದು, ಆ ಐಎಸ್‌ಒ ಆರಿಸಿ ಸ್ಟಾರ್ಟ್ ಒತ್ತಿದರೆ ಒಂದು ಚಿಕ್ಕ ಕಿಟಕಿ ಬರುತ್ತದೆ. ರ‍್ಯಾಮ್, ಸೆಕ್ಯೂರ್ ಬೂಟ್, ಟಿಪಿಎಂ ತಪಾಸಣೆ ಬೇಡ ಅನ್ನುವ ಸಾಲಿಗೆ ಟಿಕ್ ಹಾಕಿ. ಇಷ್ಟೇ ಗುಟ್ಟು. ಇದನ್ನು ಬಿಟ್ಟರೆ 'ಈ ಕಂಪ್ಯೂಟರಿನಲ್ಲಿ ವಿಂಡೋಸ್ 11 ಓಡುವುದಿಲ್ಲ' ಅಂತ ಮುಖಕ್ಕೆ ಹೊಡೆದಂತೆ ಹೇಳುತ್ತದೆ.

ಆ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಅಂದರೆ ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ. ಆನ್ ಮಾಡುವಾಗ ಒತ್ತುವ ಕೀಲಿ ನನ್ನದರಲ್ಲಿ ಎಫ್12, ನಿಮ್ಮದು ಬೇರೆ ಇರಬಹುದು. ಪ್ರಾಡಕ್ಟ್ ಕೀ ಕೇಳಿದರೆ ಇಲ್ಲ ಅನ್ನಿ. ಮೊದಲು ವಿಂಡೋಸಿನ ಹೋಮ್ ಆವೃತ್ತಿ ಇದ್ದರೆ ಹೋಮನ್ನೇ ಆರಿಸಿ. ವಿಂಡೋಸ್ 10 ಸರಿಯಾಗಿ ಆಕ್ಟಿವೇಟ್ ಆಗಿದ್ದರೆ ಇಂಟರ್‌ನೆಟ್ ಸಿಕ್ಕಕೂಡಲೇ ಇದೂ ತಾನೇ ಆಗುತ್ತದೆ. ನನ್ನ ಬ್ಯಾಟರಿ ಸತ್ತು ಎರಡು ವರ್ಷ. ಅರ್ಧ ಆಗುವಾಗ ಕರೆಂಟ್ ಹೋಯಿತು, ಮತ್ತೆ ಮೊದಲಿಂದ! ಇನ್ವರ್ಟರ್ ಇರುವ ಮನೆಯಲ್ಲಿ ಕೂತು ಮಾಡಿ.

ಎರಡು ತಪ್ಪು ಮಾಡಿದೆ. ವೈಫೈ ಓಡಿಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಉಳಿಸಿಕೊಳ್ಳಲಿಲ್ಲ. ಮೊಬೈಲನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ (ಮೊಬೈಲಿನ ಇಂಟರ್‌ನೆಟ್ ಲ್ಯಾಪ್‌ಟಾಪಿಗೆ ಕೊಡುವುದು) ಹಾಕಿ ಇಳಿಸಿಕೊಂಡೆ. ಎರಡನೆಯದು ಜಾಸ್ತಿ ನೋವಿನದು. ಫೈಲೆಲ್ಲ ಬ್ಯಾಕಪ್ ಮಾಡಿದ್ದೆ, ಕನ್ನಡ ಬರೆಯುವ ಹಳೇ ನುಡಿ ಫಾಂಟ್ ಮಾತ್ರ ಮರೆತೆ. ಮದುವೆ ಕಾಗದ ತೆರೆದರೆ ವರನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಪುಣ್ಯಕ್ಕೆ ಹಳೇ ಡಿಸ್ಕ್ ಇತ್ತು, ಅದರಿಂದ ಫಾಂಟ್ ತಂದು ಹಾಕಿದೆ.

ಕೋರ್ 2 ಡ್ಯುಯೋ ಅನ್ನುವ ತೀರಾ ಹಳೇ ಪ್ರೊಸೆಸರ್ ಇದ್ದರೆ ಸುಮ್ನೆ ಒದ್ದಾಡಬೇಡಿ. ವಿಂಡೋಸ್ 11ರ 24ಎಚ್2 ಆವೃತ್ತಿ ಕೇಳುವ ಪಾಪ್‌ಕೌಂಟ್ ಅನ್ನುವ, ಪ್ರೊಸೆಸರಿಗೆ ಕೊಡುವ ಒಂದು ಲೆಕ್ಕದ ಆದೇಶ ಆ ಚಿಪ್ಪಿನಲ್ಲೇ ಇಲ್ಲ. ಅದಕ್ಕೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿ. ನನ್ನದಕ್ಕೆ ತಿಂಗಳ ಅಪ್‌ಡೇಟ್ ಈವರೆಗೆ ಬರುತ್ತಿದೆ, ಆದರೆ ಮೈಕ್ರೋಸಾಫ್ಟ್ ಇದಕ್ಕೆ ಗ್ಯಾರಂಟಿ ಕೊಡುವುದಿಲ್ಲ. ವರ್ಷದ ದೊಡ್ಡ ಆವೃತ್ತಿ ತಾನಾಗಿ ಬರೋದಿಲ್ಲ. ಆಗ ಮತ್ತೆ ರೂಫಸ್, ಮತ್ತೆ ಪೆನ್‌ಡ್ರೈವ್. ಈ ಸಲ ಫಾಂಟ್ ಫೋಲ್ಡರ್ ಮೊದಲೇ ಕಾಪಿ ಮಾಡಿಟ್ಟಿದ್ದೇನೆ.