ಘಟ್ಟದ ಮೇಲಿನವರೂ ಕೆಳಗಿನವರೂ ವಿದೇಶ ಪ್ರವಾಸಕ್ಕೆ ಹೊರಡುವ ಮುನ್ನ

ನಮ್ಮ ಉತ್ತರ ಕನ್ನಡ ಜಿಲ್ಲೆಯವರ ವಿದೇಶ ಪ್ರವಾಸದ ಎಡವಟ್ಟುಗಳಲ್ಲಿ ಹೆಚ್ಚಿನವು ಊರಲ್ಲೇ ಹುಟ್ಟುತ್ತವೆ: ಪಾಸ್‌ಪೋರ್ಟಿನ ಹೆಸರಿನಲ್ಲಿ, ತಪ್ಪು ವಿಮಾನ ನಿಲ್ದಾಣದಲ್ಲಿ, ಬ್ಯಾಗಿನೊಳಗಿನ ಗಸಗಸೆ ಪೊಟ್ಟಣದಲ್ಲಿ. ಇವೆಲ್ಲ ಮನೆಯಲ್ಲಿ ಕೂತೇ ಸರಿಪಡಿಸುವಂಥವು, ಸಮಯ ಇದ್ದರೆ. ಹೊರಡುವ ದಿನಕ್ಕಿಂತ ಮೂರು ನಾಲ್ಕು ತಿಂಗಳು ಮೊದಲೇ ಶುರು ಮಾಡಿ.

ಪಾಸ್‌ಪೋರ್ಟ್ ಮತ್ತು ಹೆಸರು

ಟಿಕೆಟ್ ದರ ನೋಡುವ ಮೊದಲು ಪಾಸ್‌ಪೋರ್ಟಿನ ಅವಧಿ ನೋಡಿ. ಥಾಯ್ಲೆಂಡ್, ಸಿಂಗಪುರ, ಮಲೇಷ್ಯಾ, ಇಂಡೊನೇಷ್ಯಾ, ಯುಎಇ ಕಡೆ ಹೋಗುವುದಾದರೆ ಅಲ್ಲಿ ಇಳಿಯುವ ದಿನಕ್ಕೆ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳಿಗೆ, ಅಲ್ಲಿಂದ ವಾಪಸ್ ಹೊರಟ ದಿನದ ಮೇಲೆ ಮೂರು ತಿಂಗಳು. ಎರಡು ಪುಟವಾದರೂ ಖಾಲಿ ಇರಲಿ. 36 ಪುಟದ ಪಾಸ್‌ಪೋರ್ಟಿಗೆ ಶುಲ್ಕ ₹1,500, ತತ್ಕಾಲ್ ಆದರೆ ಮೇಲೆ ₹2,000. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದುಕೊಂಡು ಅರ್ಜಿಯಲ್ಲಿ ಸಿದ್ದಾಪುರದ ವಿಳಾಸ ಕೊಡಬೇಡಿ. ಪೊಲೀಸರು ಪರಿಶೀಲನೆಗೆ ಬಂದಾಗ ನೀವು ಅಲ್ಲಿ ವಾಸವಿಲ್ಲ ಎಂದು ವರದಿ ಹೋದರೆ ಕಡತ ಅಲ್ಲೇ ನಿಲ್ಲುತ್ತದೆ. ಈಗ ಎಲ್ಲಿ ಇದ್ದೀರೋ ಅದೇ ವಿಳಾಸ ಬರೆಯಿರಿ.

ನಮ್ಮ ಜಿಲ್ಲೆಯಲ್ಲಿ ಹೆಚ್ಚು ರಗಳೆ ಹೆಸರಿನದ್ದು. ಆಧಾರಿನಲ್ಲಿ ನಾಯ್ಕ, ಪಾನ್ ಕಾರ್ಡಿನಲ್ಲಿ ನಾಯಕ, ಶಾಲೆಯ ದಾಖಲೆಯಲ್ಲಿ ಬರೀ ಇನಿಶಿಯಲ್; ಭಟ್ಟ, ಹೆಗಡೆ ಎಂಬುದನ್ನು ಇಂಗ್ಲಿಷಿನಲ್ಲಿ ಮನೆಯ ಒಬ್ಬೊಬ್ಬರೂ ಒಂದೊಂದು ರೀತಿ ಬರೆದಿರುತ್ತಾರೆ. ವಿಮಾನಕ್ಕೆ ಬೇಕಾದದ್ದು ಒಂದೇ: ಪಾಸ್‌ಪೋರ್ಟಿನಲ್ಲಿ ಇರುವ ಅಕ್ಷರ ಅಕ್ಷರವೇ ಟಿಕೆಟ್ಟಿನಲ್ಲಿಯೂ ವೀಸಾದಲ್ಲಿಯೂ ಇರಬೇಕು. ಟಿಕೆಟ್ ಬೇರೆಯವರಿಂದ ಮಾಡಿಸುವಾಗ ಹೆಸರನ್ನು ಫೋನಿನಲ್ಲಿ ಹೇಳಬೇಡಿ, ಪಾಸ್‌ಪೋರ್ಟಿನ ಫೋಟೊ ಕಳಿಸಿ. ಹಿರಿಯರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇರುವುದುಂಟು. 2022ರ ನವೆಂಬರಿನಿಂದ ಯುಎಇ ಅಂಥ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದಿಲ್ಲ ಎಂದಿದೆ. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪಿಕೊಳ್ಳುತ್ತಾರೆ. ದುಬೈಗೆ ಅಮ್ಮನನ್ನು ಕರೆಸಿಕೊಳ್ಳುವವರು ಇದನ್ನು ಮೊದಲು ನೋಡಬೇಕು.

ವೀಸಾ ನಿಯಮ ಆಗಾಗ ಬದಲಾಗುತ್ತದೆ; ಟಿಕೆಟ್ ತೆಗೆಯುವ ದಿನವೇ ಆ ದೇಶದ ದೂತಾವಾಸದ ವೆಬ್‌ಸೈಟ್ ತೆರೆದು ನೋಡಿ. ವೀಸಾ ಬೇಡದ ಕಡೆಯೂ ಆಗಮನದ ಡಿಜಿಟಲ್ ಕಾರ್ಡ್ ತುಂಬಬೇಕಾಗಬಹುದು. ಥಾಯ್ಲೆಂಡ್ ಅದನ್ನು 2025ರ ಮೇ 1ರಿಂದ ಕಡ್ಡಾಯ ಮಾಡಿದೆ, ಮಲೇಷ್ಯಾ ಮತ್ತು ಸಿಂಗಪುರದಲ್ಲಿಯೂ ಇದೆ. ಮೂರನ್ನೂ ಇಳಿಯುವ ದಿನಕ್ಕಿಂತ ಮೂರು ದಿನದ ಒಳಗೆ ತುಂಬುವುದು, ಮೂರೂ ಪುಕ್ಕಟೆ. ಹಣ ಕೇಳಿದ ವೆಬ್‌ಸೈಟ್ ಸರ್ಕಾರದ್ದಲ್ಲ, ಮುಚ್ಚಿಬಿಡಿ.

ಮನೆಯಿಂದ ವಿಮಾನ ನಿಲ್ದಾಣದವರೆಗೆ

ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣ. ಹಳೆಯ ದಾಬೋಲಿಮ್ ಕಾರವಾರದಿಂದ ತೊಂಬತ್ತು ಕಿಲೋಮೀಟರ್ ಆಸುಪಾಸು. 2023ರ ಜನವರಿಯಲ್ಲಿ ಶುರುವಾದ ಮೋಪಾ ಉತ್ತರದ ತುದಿಯಲ್ಲಿದೆ, ಪಣಜಿ ದಾಟಿ ಇನ್ನೂ ಮುಂದೆ ಹೋಗಬೇಕು. ಕಾರವಾರದವರಿಗೆ ಸುಮಾರು ನಲವತ್ತು ಕಿಲೋಮೀಟರ್ ಹೆಚ್ಚು. ಟಿಕೆಟ್ಟಿನಲ್ಲಿ ಬರೀ ‘ಗೋವಾ’ ನೋಡಿ ಟ್ಯಾಕ್ಸಿ ಹೇಳಬೇಡಿ. ನಿಲ್ದಾಣದ ಕೋಡ್ ನೋಡಿ: ಜಿಒಐ ಎಂದರೆ ದಾಬೋಲಿಮ್, ಜಿಒಎಕ್ಸ್ ಎಂದರೆ ಮೋಪಾ. ತಪ್ಪು ನಿಲ್ದಾಣಕ್ಕೆ ಹೋದ ಮೇಲೆ ಗೊತ್ತಾದರೆ ವಿಮಾನ ಹೋಯಿತೆಂದೇ ಲೆಕ್ಕ.

ಭಟ್ಕಳದ ಕಡೆಯವರಿಗೆ, ಅದರಲ್ಲೂ ಗಲ್ಫಿಗೆ ಹೋಗುವವರಿಗೆ, ಮಂಗಳೂರೇ ಅನುಕೂಲ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ಮುಂದೆ ಹಾರುವ ಯೋಚನೆ ಮಾಡುತ್ತಾರೆ. ಎರಡನ್ನೂ ಬೇರೆ ಬೇರೆ ಟಿಕೆಟ್ ಮಾಡಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ, ಇಲ್ಲವೇ ಹಿಂದಿನ ದಿನವೇ ಬೆಂಗಳೂರು ಸೇರಿ. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ.

ಮಳೆಗಾಲವಾದರೆ ಹಿಂದಿನ ದಿನ ಹೊರಡುವುದೇ ಸರಿ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ವಾರಗಟ್ಟಲೆ ಬಂದ್ ಆಗಿತ್ತು; ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಹಳೆಯ ಕಾಳಿ ಸೇತುವೆ ಬಿತ್ತು. ಅರಬೈಲ್, ದೇವಿಮನೆ ಘಟ್ಟಗಳನ್ನೂ ಜುಲೈಯಲ್ಲಿ ನಂಬುವಂತಿಲ್ಲ. ಕೊಂಕಣ ರೈಲ್ವೆಯೂ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಹಾಕಿ ರೈಲುಗಳನ್ನು ನಿಧಾನ ಓಡಿಸುತ್ತದೆ. ಹಳೆಯ ಸಮಯ ನೆನಪಿಟ್ಟುಕೊಂಡು ಸ್ಟೇಷನ್ನಿಗೆ ಹೋಗಬೇಡಿ.

ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಬಿಡುವಾಗುವ ಮನೆಗಳು ಆಗಲೇ ಪ್ರವಾಸ ಇಟ್ಟುಕೊಳ್ಳುತ್ತವೆ. ಆಗ ಫುಕೆಟ್, ಕ್ರಾಬಿ ಬೇಡ. ಇಲ್ಲಿ ಸುರಿಯುವ ನೈರುತ್ಯ ಮುಂಗಾರೇ ಅಲ್ಲೂ ಸಮುದ್ರ ಕೆಡಿಸಿರುತ್ತದೆ. ಬಾಲಿಯಲ್ಲಿ ಅದು ಒಣ ಋತು. ಕೆಂಪು ಬಾವುಟ ಹಾಕಿದ ಕಡೆ ನೀರಿಗಿಳಿಯಬೇಡಿ. ಅಲೆ ನೋಡಿ ಬೆಳೆದವರೆಂಬ ಧೈರ್ಯ ಗುರುತಿಲ್ಲದ ದಂಡೆಯಲ್ಲಿ ಕೆಲಸಕ್ಕೆ ಬಾರದು. ಒಳಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಈಜಿ ಸುಸ್ತಾಗದೆ, ದಂಡೆಗೆ ಸಮಾನಾಂತರವಾಗಿ ಈಜಿ ಹೊರಬನ್ನಿ.

ಬ್ಯಾಗು

ಇಲ್ಲಿ ನಿಧಾನವಾಗಿ ಓದಿ, ನಮ್ಮವರು ಬಟ್ಟೆಗಿಂತ ತಿಂಡಿ ಹೆಚ್ಚು ತುಂಬುತ್ತಾರೆ.

ಗಸಗಸೆ ಯುಎಇ, ಸಿಂಗಪುರಗಳಲ್ಲಿ ಮಾದಕವಸ್ತುಗಳ ಲೆಕ್ಕಕ್ಕೆ ಸೇರುತ್ತದೆ. ಪಾಯಸಕ್ಕೆಂದು ಒಯ್ದ ಪೊಟ್ಟಣ ಬಂಧನದವರೆಗೂ ಹೋಗಬಹುದು. ಮನೆಯ ಮಸಾಲೆ ಪುಡಿಯಲ್ಲಿ ಬೆರೆತಿದೆಯೇ ಎಂದೂ ಕೇಳಿಕೊಳ್ಳಿ.

ಕವಳ, ಅಂದರೆ ಎಲೆ ಅಡಿಕೆ. ದುಬೈ ಕಸ್ಟಮ್ಸ್ ವೀಳ್ಯದೆಲೆ ಸಮೇತ ಪಾನ್ ಸಾಮಗ್ರಿಯನ್ನು ನಿಷೇಧಿಸಿದೆ. ಸಿಂಗಪುರ ಜಗಿಯುವ ತಂಬಾಕನ್ನು ಬಿಡುವುದಿಲ್ಲ, ಅಲ್ಲಿ ಉಗುಳಿದರೆ ದಂಡ. ಕವಳದ ಸಂಚಿ ಬಿಟ್ಟು ಅರ್ಧ ದಿನ ಇರಲಾರದ ಅಪ್ಪಯ್ಯನ ಹತ್ತಿರ ಈ ಮಾತು ವಿಮಾನ ನಿಲ್ದಾಣದಲ್ಲಲ್ಲ, ತಿಂಗಳ ಮುಂಚೆಯೇ ಆಡಬೇಕು.

ಒಣ ಕೊಬ್ಬರಿ ಬೇಡ. ಅದರ ಎಣ್ಣೆಯಂಶ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂಬ ಕಾರಣಕ್ಕೆ ವಿಮಾನಯಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ.

ಅಪ್ಪೆಮಿಡಿ ಉಪ್ಪಿನಕಾಯಿ, ತುಪ್ಪ, ಜೇನುತುಪ್ಪ ದ್ರವದ ಲೆಕ್ಕ. ಕೈಚೀಲದಲ್ಲಿ ಒಂದೊಂದು ಡಬ್ಬಿ 100 ಮಿಲಿಗಿಂತ ದೊಡ್ಡದಿದ್ದರೆ ತೆಗೆದಿಡಿಸುತ್ತಾರೆ, ಆದ್ದರಿಂದ ದೊಡ್ಡ ಬ್ಯಾಗಿಗೆ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು ಡಬ್ಬಿಯೊಳಗಿನ ಗಾಳಿ ಹಿಗ್ಗುತ್ತದೆ, ಮುಚ್ಚಳದ ಸಂದಿಯಿಂದ ರಸ ಹೊರಬರುತ್ತದೆ. ಮಿಡಿಯ ರಸ ಆದಷ್ಟು ಬಸಿದು, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಪೂರ್ತಿ ಒತ್ತಿ ತೆಗೆದು ಸೀಲ್ ಮಾಡಿಸಿ. ಮೇಲೆ ಇನ್ನೊಂದು ಚೀಲ, ಆಮೇಲೆ ಡಬ್ಬಿ.

ದೇಶಕ್ಕೊಂದು ನಿಯಮ. ಯುರೋಪಿಯನ್ ಒಕ್ಕೂಟದೊಳಗೆ ತುಪ್ಪ, ಪೇಡೆ ಸೇರಿ ಹಾಲಿನ ಪದಾರ್ಥ ಬಿಡುವುದಿಲ್ಲ, ಮಾಂಸವನ್ನೂ ಬಿಡುವುದಿಲ್ಲ. ಆದರೆ ಸ್ವಂತಕ್ಕೆ ಒಯ್ಯುವ ಮೀನು 20 ಕಿಲೋವರೆಗೆ, ಜೇನುತುಪ್ಪ 2 ಕಿಲೋವರೆಗೆ ನಡೆಯುತ್ತದೆ. ಕಾರವಾರದ ಒಣಮೀನಿಗೆ ದಾರಿ ಇದೆ, ಪೇಡೆಗೆ ಇಲ್ಲ. ನ್ಯೂಜಿಲೆಂಡಿಗೆ ಜೇನುತುಪ್ಪ ಒಯ್ಯಲೇಬೇಡಿ. ಅಲ್ಲಿ, ಆಸ್ಟ್ರೇಲಿಯಾದಲ್ಲಿ, ತಿನ್ನುವ ವಸ್ತು ಏನಿದ್ದರೂ ಕಾರ್ಡಿನಲ್ಲಿ ‘ಹೌದು’ ಎಂದು ಬರೆಯಿರಿ. ಹೇಳಿದ್ದನ್ನು ಹೆಚ್ಚೆಂದರೆ ಕಸಕ್ಕೆ ಹಾಕುತ್ತಾರೆ. ಮುಚ್ಚಿಟ್ಟದ್ದು ಸಿಕ್ಕರೆ ನ್ಯೂಜಿಲೆಂಡಿನಲ್ಲಿ ಸ್ಥಳದಲ್ಲೇ 400 ಡಾಲರ್ ದಂಡ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್‌ನದ್ದು 74 ವ್ಯಾಟ್ ಅವರ್, ಮಿತಿ 100.

ಹಣ

ಕಾರ್ಡಿನ ವಿದೇಶಿ ಬಳಕೆಯನ್ನು ಬ್ಯಾಂಕ್ ಆ್ಯಪಿನಲ್ಲಿ ನೀವೇ ಆನ್ ಮಾಡಬೇಕು, ಹೊಸ ಕಾರ್ಡುಗಳಲ್ಲಿ ಅದು ಆಫ್ ಇರುತ್ತದೆ. ಒಟಿಪಿ ಬರಲು ರೋಮಿಂಗ್ ಬೇಕು, ಇಲ್ಲಿಂದಲೇ ಹಾಕಿಸಿಕೊಳ್ಳಿ. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕಟ್ಟುವಿರಾ’ ಎಂದರೆ ಬೇಡವೆನ್ನಿ, ಅಲ್ಲಿನ ಕರೆನ್ಸಿಯನ್ನೇ ಆರಿಸಿ. ರೂಪಾಯಿಗೆ ತಿರುಗಿಸುವ ದರ ಅವರ ಲಾಭಕ್ಕೆ. ವಾಪಸ್ ಬಂದ ದಿನದ ಟ್ಯಾಕ್ಸಿಗೆ ಸ್ವಲ್ಪ ರೂಪಾಯಿ ಜೊತೆಗಿರಲಿ, ₹25,000ವರೆಗೆ ಒಯ್ಯಬಹುದು.

ಆರೋಗ್ಯ, ವಿಮೆ

ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಸ್ಟ್ರಿಪ್‌ನಲ್ಲೇ ಇಡಿ, ಚೀಟಿಯಲ್ಲಿ ಬ್ರ್ಯಾಂಡ್ ಜೊತೆ ಔಷಧದ ಮೂಲ ಹೆಸರನ್ನೂ ಡಾಕ್ಟರ ಹತ್ತಿರ ಬರೆಸಿ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಯುಎಇಗೆ ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ಇನ್ಸುಲಿನ್ ಕೈಚೀಲದಲ್ಲಿ, ಕೆಳಗಿನ ಲಗೇಜಿನಲ್ಲಿ ಹೆಪ್ಪುಗಟ್ಟಿದರೆ ಕೆಡುತ್ತದೆ. ಆಫ್ರಿಕಾದ, ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಪ್ರಮಾಣಪತ್ರ ಲೆಕ್ಕಕ್ಕೆ ಬರುತ್ತದೆ.

ವಿಮೆಯ ಅರ್ಜಿಯಲ್ಲಿ ಬಿಪಿ, ಸಕ್ಕರೆ ಕಾಯಿಲೆ ಮುಚ್ಚಿಡಬೇಡಿ, ಕ್ಲೇಮ್ ತಿರಸ್ಕಾರವಾಗುವುದು ಅಲ್ಲೇ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಬೇಕು. ಹೋದ ದೇಶದಲ್ಲಿ ಬಾಡಿಗೆ ಸ್ಕೂಟರ್ ಓಡಿಸುವ ಆಸೆಯಿದ್ದರೆ ನಿಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಒಂದು ವರ್ಷ ನಡೆಯುತ್ತದೆ. ನಿಮ್ಮ ಲೈಸೆನ್ಸ್ ಬರೀ ಕಾರಿನದ್ದಾದರೆ ಈ ಪರವಾನಗಿಯೂ ಸ್ಕೂಟರಿಗೆ ಆಗದು, ಬಿದ್ದಾಗ ವಿಮೆ ಕಂಪನಿ ಕೇಳುವ ಮೊದಲ ಕಾಗದವೂ ಅದೇ.

ಇನ್ನೊಂದು, ಸಿದ್ದಾಪುರ, ಹೊನ್ನಾವರದ ಕಾಡಂಚಿನವರಿಗೆ. ಬೇಸಿಗೆ ರಜೆಯೂ ಮಂಗನ ಕಾಯಿಲೆಯೂ ಒಂದೇ ಕಾಲಕ್ಕೆ ಬರುತ್ತವೆ. ಉಣ್ಣಿ ಕಚ್ಚಿ ಸಾಮಾನ್ಯವಾಗಿ ಮೂರರಿಂದ ಎಂಟು ದಿನಕ್ಕೆ ಜ್ವರ. ಅಂದರೆ ಕಾಡಿನಲ್ಲಿ ದರಕು (ಒಣ ಎಲೆ) ಗುಡಿಸಿ ಹೊರಟವರಿಗೆ ಅದು ಸಿಂಗಪುರದ ಹೋಟೆಲಿನಲ್ಲೇ ಕಾಣಿಸಬಹುದು. ಅಲ್ಲಿನ ಡಾಕ್ಟರು ಡೆಂಗಿ, ಮಲೇರಿಯಾ ನೋಡುತ್ತಾರೆ, ಈ ಹೆಸರು ಅವರಿಗೆ ಹೊಳೆಯುವುದು ಕಷ್ಟ. ಮಂಗನ ಕಾಯಿಲೆಯ ಹೆಸರನ್ನು ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’ ಎಂದು ಇಂಗ್ಲಿಷಿನಲ್ಲಿ ಬರೆದ ಚೀಟಿ ಪಾಸ್‌ಪೋರ್ಟಿನ ಕವರಿನಲ್ಲಿರಲಿ. ವಾಪಸ್ ಬಂದು ಎರಡು ಮೂರು ವಾರದೊಳಗೆ ಜ್ವರ ಬಂದರೆ ಇಲ್ಲಿನ ಡಾಕ್ಟರಿಗೂ ಎಲ್ಲಿಗೆ ಹೋಗಿದ್ದಿರಿ, ಯಾವ ತಾರೀಖಿಗೆ ಬಂದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.