ಕೆನ್ಯಾ ಕರಾವಳಿಯ ಕಾಯಾ ಕಾಡಿಗೆ ಹೋಗುವವರಿಗೆ

ಮೊಂಬಾಸಾದ ಆಸುಪಾಸಿನ ಕರಾವಳಿಯಲ್ಲಿ ಮಿಜಿಕೆಂಡಾ ಎಂಬ, ಆಫ್ರಿಕಾದ ಬಂಟು ಭಾಷೆಗಳನ್ನಾಡುವ ಜನರಿದ್ದಾರೆ. ಗಿರಿಯಾಮಾ, ಡಿಗೊ, ಡುರುಮಾ, ರಬಾಯಿ, ರಿಬೆ, ಕಂಬೆ, ಜಿಬಾನಾ, ಚೋನ್ಯಿ, ಕೌಮಾ ಎಂದು ಒಂಬತ್ತು ಪಂಗಡ. ಇವರ ಪೂರ್ವಜರು ಕಾಡಿನ ನಡುವೆ ಬೇಲಿ ಕಟ್ಟಿ ಬಾಳಿದ ಊರುಗಳೇ ಕಾಯಾ. 1940ರ ದಶಕದ ಹೊತ್ತಿಗೆ ವಾಸ ನಿಂತುಹೋಯಿತು, ಪೂಜೆ ನಿಲ್ಲಲಿಲ್ಲ. ಕೆಲವು ಕಾಯಾಗಳು 2008ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಅವು ಯಾರು ಬೇಕಾದರೂ ನುಗ್ಗಬಹುದಾದ ಪ್ರವಾಸಿ ತಾಣಗಳಾಗಲಿಲ್ಲ.

ಮೊದಲ ಸಲ ಹೋಗುವವರು ಕಾಯಾ ಕಿನೊಂಡೊವನ್ನೇ ಆರಿಸಿಕೊಳ್ಳಿ. ಹೊರಗಿನವರನ್ನು ಬರಮಾಡಿಕೊಳ್ಳುವ ಏರ್ಪಾಡು ಅಲ್ಲಿದೆ. ಮೊಂಬಾಸಾದಿಂದ ಲಿಕೋನಿ ಫೆರ್ರಿ ದಾಟಿ, ಉಕುಂಡಾವರೆಗೆ ಮಟಾಟು (ಜನ ಹಂಚಿಕೊಂಡು ಹೋಗುವ ಬಾಡಿಗೆ ವ್ಯಾನು) ಹಿಡಿದು, ಅಲ್ಲಿಂದ ಡಿಯಾನಿ ದಾಟಿ ದಕ್ಷಿಣಕ್ಕೆ ಹೋಗಬೇಕು. ಬೇರೆ ಕಾಯಾಗಳಿಗಾದರೆ ಮೊದಲು ಊರಿನವರ ಮೂಲಕ ಹಿರಿಯರ ಒಪ್ಪಿಗೆ ಕೇಳಿ. ಸಿಗದಿದ್ದರೆ ಚೌಕಾಸಿಗೆ ಇಳಿಯದೆ ಹಿಂದಿರುಗಿ. ಏಪ್ರಿಲ್–ಮೇ ಮಳೆಗಾಲ, ಆಗ ದಾರಿ ಕೆಸರಾಗಿರುತ್ತದೆ. ಮಲೇರಿಯಾ ಇರುವ ಸೀಮೆಯಾದ್ದರಿಂದ ಮಾತ್ರೆಯ ವಿಷಯ ಹೊರಡುವ ಮುಂಚೆಯೇ ವೈದ್ಯರಲ್ಲಿ ಕೇಳಿ.

ಉದ್ದ ಪ್ಯಾಂಟು, ಮುಚ್ಚಿದ ಬೂಟು ಹಾಕಿಕೊಳ್ಳಿ. ದಂಡಾಗಿ ಸಾಗುವ, ಕಚ್ಚುವ ಸಿಯಾಫು ಇರುವೆಗಳ ಸಾಲು ಕಂಡರೆ ದಾಟಿ ಹೋಗಿ, ನಿಂತು ನೋಡಬೇಡಿ. ಕಾಡಿನ ಬಾಗಿಲಲ್ಲಿ ಸೊಂಟಕ್ಕೆ ಸುತ್ತಿಕೊಳ್ಳಲು ಕಪ್ಪು ಬಟ್ಟೆ ಕೊಡುತ್ತಾರೆ. ಹೊರಬರುವ ತನಕ ಅದನ್ನು ತೆಗೆಯಬೇಡಿ. ಒಳಗೆ ಮಾರ್ಗದರ್ಶಕರ ಹಿಂದೆಯೇ ನಡೆಯಿರಿ. ಫಿಂಗೊ ಎಂಬ ರಕ್ಷಾವಸ್ತುವನ್ನು ಹೂತಿಟ್ಟ ಜಾಗಗಳಿಗೆ ಎಷ್ಟೋ ಸಲ ಯಾವ ಗುರುತೂ ಇರುವುದಿಲ್ಲ, ದಾರಿ ಬಿಟ್ಟರೆ ಗೊತ್ತಿಲ್ಲದೆ ಅದನ್ನೇ ತುಳಿಯಬಹುದು. ಎಲೆ, ಬೀಜ, ಒಣಕಡ್ಡಿ ಏನನ್ನೂ ಎತ್ತಿಕೊಳ್ಳಬೇಡಿ. ಜೋಡಿಗಳು ಅಪ್ಪುಗೆ, ಮುತ್ತನ್ನು ಹೊರಗೇ ಬಿಟ್ಟು ಬರಬೇಕು. ಪ್ರತಿ ಫೋಟೊಗೂ ಕೇಳಿಯೇ ಕ್ಯಾಮೆರಾ ಎತ್ತಿ.

ಹಿರಿಯರಿಗೆ ಸ್ವಾಹಿಲಿಯಲ್ಲಿ 'ಶಿಕಾಮೂ' ಎಂದು ವಂದಿಸಿ, 'ಮರಹಬಾ' ಎಂಬ ಉತ್ತರ ಬಂದ ಮೇಲೆ ಮಾತಿಗೆ ಇಳಿಯಿರಿ. ಕೊಡುವುದು, ತೆಗೆದುಕೊಳ್ಳುವುದು ಬಲಗೈಯಲ್ಲಿ. ಕಾಣಿಕೆಯ ವಿಷಯದಲ್ಲಿ ಎಡವುವವರು ಹೆಚ್ಚು. ಗಿರಿಯಾಮಾ ಹಿರಿಯರ ಆಚರಣೆಗಳಲ್ಲಿ ತೆಂಗಿನ ಹೆಂಡಕ್ಕೆ, ಅಂದರೆ ಮ್ನಾಜಿಗೆ, ಸ್ಥಾನವಿದೆ. ಅದನ್ನು ಓದಿಕೊಂಡು ಡಿಗೊ ಊರಿಗೆ ಬಾಟಲಿ ಹೊತ್ತರೆ ಅವಮಾನ ಮಾಡಿದಂತೆ: ಡಿಗೊಗಳಲ್ಲಿ ಬಹುಪಾಲು ಮುಸ್ಲಿಮರು. ರಂಜಾನಿನಲ್ಲಿ ಅಲ್ಲಿ ಹಗಲು ಬಯಲಲ್ಲಿ ತಿನ್ನುವುದೂ ಬೇಡ. ಏನು ತರಬೇಕೆಂದು ಮಾರ್ಗದರ್ಶಕರನ್ನೇ ಕೇಳಿ. ಮಸೀದಿಗೋ ಚರ್ಚಿಗೋ ಹೋಗುವವರೂ ಪೂರ್ವಜರನ್ನು ಕೈಬಿಟ್ಟಿರುವುದಿಲ್ಲ. 'ನಿಜವಾಗಿ ನಿಮ್ಮ ಧರ್ಮ ಯಾವುದು' ಎಂಬ ಪ್ರಶ್ನೆ ಅಲ್ಲಿ ಒರಟು.

ಗಿರಿಯಾಮಾ ಮನೆಗಳ ಬಳಿ ನೆಲಕ್ಕೆ ನೆಟ್ಟ ಕೆತ್ತನೆಯ ಮರದ ಕಂಬಗಳು ಕಂಡರೆ ಮುಟ್ಟಬೇಡಿ. ಅವು ಕಿಗಾಂಗೊ, ಹಲವಾದರೆ ವಿಗಾಂಗೊ. ಗೋಹು ಎಂಬ ಗಿರಿಯಾಮಾ ಹಿರಿಯರ ಸಂಘದ ಸದಸ್ಯರು ತೀರಿಕೊಂಡ ಮೇಲೆ ಅವರ ಆತ್ಮಕ್ಕಾಗಿ ನಿಲ್ಲಿಸಿದವು. ಮನೆಯವರು ಬೇರೆಡೆ ನೆಲೆಸಿದರೂ ಕಂಬ ಅಲ್ಲೇ ಉಳಿಯಬೇಕು, ಗೆದ್ದಲು ತಿಂದರೂ ಸರಿ. ಕಿತ್ತರೆ ಮನೆಗೆ ರೋಗ, ಬರ ಬರುತ್ತದೆ ಎಂಬ ನಂಬಿಕೆಯಿದೆ. ಕದ್ದ ಕಂಬಗಳು ವಿದೇಶದ ಮ್ಯೂಸಿಯಂಗಳನ್ನೂ ಸೇರಿದ್ದವು. ಅಮೆರಿಕದ ಕೆಲವು ಮ್ಯೂಸಿಯಂಗಳು ಹಿಂದಿರುಗಿಸಿವೆ. ಅಂಗಡಿಯವನು 'ಹಳೆಯದು, ಅಸಲಿ' ಎಂದು ಕಂಬ ತೋರಿಸಿದರೆ ಕೊಳ್ಳಬೇಡಿ. ಅವನ ಮಾತು ನಿಜವಾಗಿದ್ದಷ್ಟೂ ಅದು ಕಳವಿನ ಮಾಲಾಗಿರುವ ಸಂಭವ ಹೆಚ್ಚು.