ಕುಡಿತ, ಕಿರುಮೆದುಳಿನ ಕಾಯಿಲೆ, ಕಣ್ಣಿನ ಅದುರಾಟ: ವೈದ್ಯರಿಗಾಗಿ ಮನೆಯಲ್ಲಿ ವಿವರ ಬರೆದಿಡುವ ಕ್ರಮ

ನಡಿಗೆ, ಮಾತು, ಕಣ್ಣಿನ ಚಲನೆಗಳನ್ನು ಹಿಡಿತದಲ್ಲಿಡುವ ಕಿರುಮೆದುಳಿನ ಕಾಯಿಲೆಯಿರುವವರು ತೂರಾಡಿ ನಡೆದರೆ, ಮಾತು ತೊದಲಿದರೆ, ಕಣ್ಣುಗುಡ್ಡೆ ತಾನಾಗಿಯೇ ಅದುರಿದರೆ, ನಮ್ಮ ಕೋಲಾರದ ಕಡೆ ‘ಕುಡಿದಿರಬೇಕು’ ಎನ್ನುವ ಮಾತು ಮೊದಲು ಹುಟ್ಟುತ್ತದೆ. ಮದ್ಯವೂ ಅದೇ ಕಿರುಮೆದುಳಿನ ಹಿಡಿತವನ್ನು ಸಡಿಲಿಸುವುದರಿಂದ ಈ ಅನುಮಾನ ಪೂರ್ತಿ ನಿರಾಧಾರವಲ್ಲ. ಆದರೆ ಕಾಯಿಲೆಯೂ ಕುಡಿತವೂ ಕೂಡಿರುವವರಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸುವುದು ಕಷ್ಟ. ಸುಮಾರು 70 ಕಿ.ಮೀ. ದೂರದ ಬೆಂಗಳೂರಿನ ನಿಮ್ಹಾನ್ಸ್ ತಲುಪಿ ಸರದಿ ಬರುವಷ್ಟರಲ್ಲಿ ಅಮಲಿಳಿದು ಕಣ್ಣಿನ ಚಲನೆಯೇ ಬದಲಾಗಿರಬಹುದಾದ್ದರಿಂದ, ಮನೆಯಲ್ಲಿಯೇ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಬೇಕು. ಪರೀಕ್ಷೆಗೆಂದು ಮಾತ್ರ ಯಾರಿಗೂ ಕುಡಿಸಬಾರದು.

ರೋಗಿಯನ್ನು ಬೆಳಕಿಗೆ ಮುಖಮಾಡಿ ಕೂರಿಸಿ, ತಲೆ ಅಲುಗದಂತೆ ನೇರವಾಗಿಯೂ ಬಳಿಕ ಎಡ, ಬಲ, ಮೇಲೆ, ಕೆಳಗೂ ಬೆರಳನ್ನು ಹತ್ತು ಹತ್ತು ಸೆಕೆಂಡು ನೋಡಲು ಹೇಳಿ. ಕಣ್ಣಿನ ತೀರಾ ಅಂಚಿಗೆ ಬೆರಳನ್ನು ಒಯ್ಯಬೇಡಿ. ಅಲ್ಲಿ ಆರೋಗ್ಯವಂತರ ಕಣ್ಣೂ ತುಸು ಚಿಮ್ಮುತ್ತದೆ.

ಕುಡಿದ ಹೊತ್ತು ಮತ್ತು ಪ್ರಮಾಣವನ್ನು (90 ಮಿ.ಲೀ. ಪ್ಯಾಕೆಟ್ಟೋ, 180ರ ಕ್ವಾರ್ಟರೋ) ತಪ್ಪದೆ ಬರೆದಿಡಿ. ಇದಕ್ಕೆ ಕಾರಣವಿದೆ. ಕುಡಿದ ಸುಮಾರು ಅರ್ಧ ಗಂಟೆಯ ಮೇಲೆ ಮಗ್ಗುಲಾಗಿ ಮಲಗಿದರೆ ಯಾವ ಕಾಯಿಲೆಯೂ ಇಲ್ಲದವರ ಕಣ್ಣು ಕೂಡ ಅದುರುತ್ತದೆ. ತಲೆ ತಿರುಗಿದ್ದನ್ನು ಗುರುತಿಸುವ ಒಳಕಿವಿಯ ಅರ್ಧವೃತ್ತ ನಾಳಗಳಲ್ಲಿರುವ ಕ್ಯುಪ್ಯುಲಾ ಎಂಬ ಮೃದುವಾದ ಪರದೆಗೆ, ಸುತ್ತಲಿನ ದ್ರವಕ್ಕಿಂತ ಮೊದಲೇ ಮದ್ಯ ಸೇರಿ ಅದು ಹಗುರಾಗುವುದರಿಂದ, ತಿರುಗದ ತಲೆ ತಿರುಗುತ್ತಿದೆಯೆಂಬ ಸುಳ್ಳು ಸುದ್ದಿ ಮೆದುಳಿಗೆ ಮುಟ್ಟುತ್ತದೆ. ಆಗ ಬಲಮಗ್ಗುಲಾದರೆ ಕಣ್ಣು ಬಲಕ್ಕೆ ಚಿಮ್ಮುತ್ತದೆ. ದ್ರವಕ್ಕೂ ಮದ್ಯ ಹರಡಿದಾಗ ಇದು ನಿಂತು, ಪರದೆಯಿಂದ ಮದ್ಯ ಮೊದಲು ಹೊರಬಿದ್ದಾಗ ತಿರುಗುಮುರುಗಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ‘ರಾತ್ರಿ ಕುಡಿದದ್ದು, ಬೆಳಿಗ್ಗೆ ಹೇಗೆ ಬಂತು’ ಎಂಬ ಪ್ರಶ್ನೆಗೆ ಉತ್ತರ ಇದೇ ಇರಬಹುದು.

ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್‌ನಂಥ ಮಾತ್ರೆಗಳೂ ಕಣ್ಣನ್ನು ಅದುರಿಸುವುದುಂಟು, ಶೀಟುಗಳನ್ನು ಜೊತೆಗೊಯ್ಯಿರಿ. ಮಲ್ಟಿಪಲ್ ಸ್ಕ್ಲೆರೋಸಿಸ್ (ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇದ್ದ ಕೆಲವರಲ್ಲಿ ಮದ್ಯದಿಂದ ಅದುರಾಟ ತಗ್ಗಿದ ವರದಿಗಳಿವೆ ಎಂಬುದು ನಿಜ. ಅದನ್ನೇ ಚಿಕಿತ್ಸೆಯೆಂದು ಹಿಡಿಯುವುದು ಮೂರ್ಖತನ. ಕಣ್ಣು ನಿಂತರೂ ಕಾಲು ನಿಲ್ಲದು, ಮತ್ತು ಆ ಕಣ್ಣಿನ ಅದುರಾಟಕ್ಕೆ ಗ್ಯಾಬಪೆಂಟಿನ್, ಮೆಮ್ಯಾಂಟಿನ್ ಎಂಬ ಔಷಧಿಗಳಿವೆ. ನಿತ್ಯ ಕುಡಿಯುವವರು ಏಕಾಏಕಿ ಬಿಟ್ಟರೆ ಫಿಟ್ಸ್ ಬರಬಹುದಾದ್ದರಿಂದ, ಬಿಡಿಸುವುದೂ ವೈದ್ಯರ ಕಣ್ಣಳತೆಯಲ್ಲೇ ಆಗಬೇಕು.

ಊಟ ಬಿಟ್ಟು ಕುಡಿಯುವವರಲ್ಲಿ ಕಣ್ಣಿನ ಅದುರಾಟದ ಜೊತೆಗೆ ಗೊಂದಲ, ತೂರಾಟ ಅಥವಾ ಎರಡೆರಡಾಗಿ ಕಾಣುವುದು ಸೇರಿದರೆ, ವಿಡಿಯೋ ಮಾಡುತ್ತ ಕೂರಬಾರದು. ಅದು ಬಿ1 ಜೀವಸತ್ವದ ಕೊರತೆಯಿಂದ ಬರುವ ವರ್ನಿಕೆ ಕಾಯಿಲೆ ಇರಬಹುದು. ತಕ್ಷಣ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದು, ಕುಡಿತದ ವಿಷಯವನ್ನು ಮುಚ್ಚಿಡದೆ ಹೇಳಿ, ಗ್ಲೂಕೋಸ್ ಏರಿಸುವ ಮೊದಲೇ ಥಯಾಮಿನ್ ಇಂಜೆಕ್ಷನ್ ಬೇಕಾಗುವುದೇ ಎಂದು ವೈದ್ಯರನ್ನು ಕೇಳಿ.